ಮೀನಿನ ಬೆಲೆಯನ್ನು ಯಾವ ನಾಣ್ಯದಲ್ಲಿ ಅಳೆಯಬೇಕು?

ಸ್ನೇಹಿತರೇ, ಐಸ್‌ಲ್ಯಾಂಡಿನ ಮೀನಿನ ರಫ್ತು ಬೆಲೆಯನ್ನು ಆ ದೇಶದ ನಾಣ್ಯವಾದ ಕ್ರೋನಾದಲ್ಲಿ ಬರೆದು ನೋಡಿದರೆ, 1970ರ ದಶಕದಿಂದ ಗೆರೆ ಕಡಿದಾಗಿ ಮೇಲೇರುತ್ತದೆ. ಇದನ್ನು ಮೀನುಗಾರಿಕೆಯ ಏಳಿಗೆಯೆಂದು ನಂಬಬೇಡಿ. 1983ರಲ್ಲಿ ಅಲ್ಲಿನ ಹಣದುಬ್ಬರ ಶೇ. 80ನ್ನು ದಾಟಿತ್ತು. 1981ರ ಆರಂಭದಲ್ಲೇ ನಾಣ್ಯದ ಎರಡು ಸೊನ್ನೆ ತೆಗೆದು, ಹಳೆಯ ನೂರು ಕ್ರೋನಾಕ್ಕೆ ಹೊಸದೊಂದು ಎಂದು ಮಾಡಿದ್ದರು. ಹಾಗಾಗಿ ಬೆಲೆಯನ್ನು ಕೊಳ್ಳುವವರ ನಾಣ್ಯದಲ್ಲಿ, ಆ ಕೊಳ್ಳುವ ದೇಶದ ಹಣದುಬ್ಬರ ಕಳೆದು ನೋಡಬೇಕು.

ಹಾಗೆ ನೋಡಿದಾಗ ಎದ್ದು ಕಾಣುವುದು 1960ರ ದಶಕದ ಕೊನೆಯ ಕುಸಿತ. ಹೆರಿಂಗ್ ಮೀನು ಬಲೆಗೆ ಬೀಳುವುದು ನಿಂತೇಹೋಯಿತು. ಸರಕು ಕಡಿಮೆಯಾದರೆ ಬೆಲೆ ಏರಬೇಕಲ್ಲವೇ? ಏರಲಿಲ್ಲ. ಹೆರಿಂಗ್‌ನ ಬಹುಪಾಲು ಎಣ್ಣೆ ಮತ್ತು ಮೀನಿನ ಪುಡಿಯಾಗಿ ಮಾರಾಟವಾಗುತ್ತಿತ್ತು, ಅದೇ ಸರಕನ್ನು ಪೆರು ದೇಶ ತನ್ನ ಆಂಚೋವಿ ಮೀನಿನಿಂದ ರಾಶಿ ರಾಶಿಯಾಗಿ ಮಾರುಕಟ್ಟೆಗೆ ಸುರಿಯುತ್ತಿತ್ತು. ಮೀನೂ ಹೋಯಿತು, ಬೆಲೆಯೂ ಹೋಯಿತು. 1967 ಮತ್ತು 1968ರ ನವೆಂಬರಿನಲ್ಲಿ ಕ್ರೋನಾವನ್ನು ಎರಡು ಬಾರಿ ಅಪಮೌಲ್ಯ ಮಾಡಬೇಕಾಯಿತು. ಸರಕು ರಫ್ತಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮೀನೇ ಆಗಿದ್ದ ದೇಶಕ್ಕೆ ಅದು ಎಂಥ ಪೆಟ್ಟೆಂದು ಯೋಚಿಸಿ. ಮುಂದೆ 1972ರಲ್ಲಿ ಪೆರುವಿನ ಆಂಚೋವಿ ಕುಸಿದಾಗ ಮೀನಿನ ಪುಡಿಯ ಬೆಲೆ ಜಿಗಿಯಿತು. ಆಗ ಕ್ಯಾಪೆಲಿನ್ ಮೀನು ಹಿಡಿಯುತ್ತಿದ್ದ ಐಸ್‌ಲ್ಯಾಂಡಿಗೆ ಅದರ ಲಾಭ ಸಿಕ್ಕಿತು. ದೂರದ ಸಮುದ್ರವೊಂದರ ಏರುಪೇರು ಹೀಗೆ ಎರಡು ಸಲ, ಎರಡು ದಿಕ್ಕಿನಲ್ಲಿ ಐಸ್‌ಲ್ಯಾಂಡಿನ ಬದುಕನ್ನು ಅಲುಗಿಸಿತು.

ಕಾಡ್ ಮೀನಿನ ಕಥೆ ಬೇರೆ. 1981ರಲ್ಲಿ ನಾಲ್ಕೂವರೆ ಲಕ್ಷ ಟನ್ ಮೀರಿದ್ದ, ವರ್ಷಕ್ಕೆ ಹಿಡಿದ ಮೀನಿನ ಪ್ರಮಾಣ 1990ರ ದಶಕದ ಮಧ್ಯದಲ್ಲಿ ಎರಡು ಲಕ್ಷಕ್ಕೂ ಕೆಳಗಿಳಿಯಿತು. 1984ರಲ್ಲಿ ದೋಣಿವಾರು ಕೋಟಾ, ಅಂದರೆ ಒಂದೊಂದು ದೋಣಿಗೆ ಇಂತಿಷ್ಟೇ ಮೀನು ಎಂಬ ಪಾಲು, ಬಂದಿತ್ತು, 1990ರ ಕಾನೂನು ಅದನ್ನು ಕೈಬದಲಾಯಿಸಲು ಮುಕ್ತ ಅವಕಾಶ ಕೊಟ್ಟಿತು. ಹಿಡಿಯುವುದಕ್ಕೆ ಮಿತಿ ಬಿದ್ದ ಮೇಲೆ ಗಮನ ಪ್ರತಿ ಕಿಲೋದಿಂದ ಎಷ್ಟು ಹುಟ್ಟುತ್ತದೆ ಎಂಬ ಕಡೆ ಹೊರಳಿತು. ಉಪ್ಪು ಹಾಕಿದ ಮತ್ತು ಹೆಪ್ಪುಗಟ್ಟಿಸಿದ ಮೀನಿನ ಜೊತೆಗೆ, ವಿಮಾನದಲ್ಲಿ ಹೋಗುವ ತಾಜಾ ಮೀನಿನ ಪಾಲು ಬೆಳೆಯಿತು. ಇಲ್ಲೊಂದು ಎಚ್ಚರಿಕೆ: ಒಟ್ಟು ಮೌಲ್ಯವನ್ನು ಒಟ್ಟು ತೂಕದಿಂದ ಭಾಗಿಸಿದರೆ ಬರುವುದು ಬೆಲೆಯಲ್ಲ, ಸರಾಸರಿ ಗಳಿಕೆ. ತಾಜಾ ಮೀನಿನ ಪಾಲು ಹೆಚ್ಚಾದರೆ, ಯಾವ ಸರಕಿನ ಬೆಲೆಯೂ ಏರದೆ ಈ ಸರಾಸರಿ ಏರುತ್ತದೆ.

2008ರ ಬ್ಯಾಂಕ್ ಕುಸಿತದಲ್ಲಿ ಕ್ರೋನಾ ಅರ್ಧದಷ್ಟು ಬೆಲೆ ಕಳೆದುಕೊಂಡಾಗ ರಫ್ತುದಾರರ ಕ್ರೋನಾ ಆದಾಯ ಉಬ್ಬಿತು. ಆದರೆ ಮೀನು ಕಂಪನಿಗಳ ಸಾಲದ ದೊಡ್ಡ ಭಾಗ ವಿದೇಶಿ ನಾಣ್ಯದಲ್ಲಿತ್ತು, ಅದೂ ಜೊತೆಜೊತೆಗೇ ಉಬ್ಬಿತು.

ಈಗ ಉಳಿದಿರುವ ಜಗಳ ಹಂಚಿಕೆಯದು. ಮೀನು ಸಂಪತ್ತು ರಾಷ್ಟ್ರದ ಸಾಮೂಹಿಕ ಆಸ್ತಿ ಎಂದು 1990ರ ಕಾನೂನಿನ ಮೊದಲ ಕಲಮೇ ಹೇಳಿತು. ಅದಕ್ಕಾಗಿ ಕಂಪನಿಗಳು ಮೀನುಗಾರಿಕೆ ಶುಲ್ಕ ಕಟ್ಟುತ್ತವೆ. ಆದರೆ ದೋಣಿಯೂ ಸಂಸ್ಕರಣಾ ಘಟಕವೂ ಒಂದೇ ಕಂಪನಿಯದಾದರೆ ದಡದ ಬೆಲೆಯನ್ನು, ಅಂದರೆ ದೋಣಿಯಿಂದ ಘಟಕಕ್ಕೆ ಮೀನು ಕೊಡುವ ಬೆಲೆಯನ್ನು, ಅವರವರೇ ಗೊತ್ತುಮಾಡಿಕೊಳ್ಳುತ್ತಾರೆ. ಶುಲ್ಕದ ಲೆಕ್ಕಕ್ಕೆ ಆ ಒಳಬೆಲೆಯನ್ನು ಹಿಡಿಯುವುದು ಅನ್ಯಾಯ, ಹರಾಜಿನ ಬೆಲೆಯನ್ನೇ ಹಿಡಿಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.