ಕಿಮೋ ಚೀಲದ ಮೇಲಿನ ಗಡುವು

ಕೇಳುಗರಿಗೆಲ್ಲ ನಮಸ್ಕಾರ.

ಸಕಲೇಶಪುರದ ಆಚೆಯ ತೋಟವೊಂದರಿಂದ ಮೊದಲ ಬಸ್ಸು ಹಿಡಿದು ಹಾಸನಕ್ಕೆ ಬರುವ ಒಬ್ಬ ಅಮ್ಮ ಇದ್ದಾರೆ. ಬೆಳಗ್ಗೆ ಒಂಬತ್ತಕ್ಕೆ ಬಂದವರಿಗೆ ಕಿಮೋ, ಅಂದರೆ ಕ್ಯಾನ್ಸರ್ ಔಷಧಿಯ, ಡ್ರಿಪ್ ಏರುವಷ್ಟರಲ್ಲಿ ಮಧ್ಯಾಹ್ನ ಎರಡಾಗಿರುತ್ತದೆ. ಆಸ್ಪತ್ರೆಯಲ್ಲಿ ಆ ಔಷಧಿ ಬೆರೆಸುವವನು ನಾನು. ‘ಹಿಂದಿನ ದಿನವೇ ಕಲಸಿ ಇಡೋಕಾಗಲ್ವಾ ಸಾರ್?’ ಎಂದು ಅವರ ಮಗ ಕೇಳಿದ. ನ್ಯಾಯವಾದ ಪ್ರಶ್ನೆ.

ಬೆರೆಸಿದ ಔಷಧಿಗೆ ಎರಡು ಆಯಸ್ಸು. ಒಂದು, ಅದರ ಗುಣ ಉಳಿಯುವ ಕಾಲ. ಫ್ಲೋರೊಯುರಾಸಿಲ್ ಎಂಬ ಕಿಮೋ ಔಷಧಿ ದಿನಗಟ್ಟಲೆ ಕೆಡುವುದಿಲ್ಲ. ಅಜಾಸಿಟಿಡಿನ್ ಎಂಬ ಇನ್ನೊಂದು ಗಂಟೆಗಳ ಲೆಕ್ಕದ್ದು. ಇನ್ನೊಂದು, ಅದರೊಳಗೆ ಸೂಕ್ಷ್ಮಾಣು ಬೆಳೆಯದೆ ಉಳಿಯುವ ಕಾಲ. ಔಷಧಿಯ ಗುಣ ಎಷ್ಟೇ ದಿನ ಉಳಿಯಲಿ, ಕೂಡಲೇ ಬಳಸದಿದ್ದರೆ 2ರಿಂದ 8 ಡಿಗ್ರಿ ತಂಪಿನಲ್ಲಿ 24 ಗಂಟೆ ಮೀರಬಾರದು, ಸೂಕ್ಷ್ಮಾಣು ಸೇರದಂತೆ ಬೆರೆಸಿದ್ದು ಪರೀಕ್ಷೆಯಿಂದ ಖಾತ್ರಿಯಾಗಿದ್ದರೆ ಮಾತ್ರ ಹೆಚ್ಚು ಎಂದು ಬಹಳಷ್ಟು ಔಷಧಿಗಳ ಮಾಹಿತಿಪತ್ರದಲ್ಲೇ ಇರುತ್ತದೆ.

ಹಾಲು ಕರೆಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರೆ, ಕೈ ಶುದ್ಧವಿಲ್ಲದಿದ್ದರೆ ಹಾಲು ಒಡೆಯುತ್ತದೆ. ಹಾಲನ್ನಾದರೂ ಕಾಯಿಸಬಹುದು, ಕಿಮೋ ಚೀಲವನ್ನು ಕಾಯಿಸುವಂತಿಲ್ಲ. ಸೂಜಿ ಚುಚ್ಚುವಾಗ ಒಳಹೊಕ್ಕದ್ದು ಒಳಗೇ ಉಳಿಯಿತು. ಕ್ಯಾನ್ಸರ್ ಕೋಶವನ್ನೇ ಕೊಲ್ಲುವ ಔಷಧಿ ಸೂಕ್ಷ್ಮಾಣುವನ್ನು ಬಿಟ್ಟೀತೇ ಅನ್ನಬೇಡಿ. ಹಲವು ಔಷಧಿಗಳಲ್ಲಿ ಅವು ಬದುಕಿ ಉಳಿಯುತ್ತವೆ. ಅವು ನೇರ ರಕ್ತಕ್ಕೆ ಸೇರುವುದು ಸೋಂಕು ತಡೆಯುವ ಬಿಳಿ ರಕ್ತಕಣ ಕುಸಿಯುವ ದೇಹದಲ್ಲಿ. ಈ ಭಯ ನನ್ನನ್ನು ಒಂದು ದಿನವೂ ಬಿಟ್ಟಿಲ್ಲ.

ಗಡುವು ಹೆಚ್ಚಿಸಲು ದಾರಿ ಇದೆ. ಗಾಳಿಯಲ್ಲಿನ 0.3 ಮೈಕ್ರಾನ್ ಕಣಗಳನ್ನು ನೂರಕ್ಕೆ 99.97ರಷ್ಟು ತಡೆಯುವ ಹೆಪಾ ಫಿಲ್ಟರಿನ ಕ್ಯಾಬಿನೆಟ್ಟು ಬೇಕು, ನಿಜ. ಅದಕ್ಕಿಂತ ಮುಖ್ಯ, ಕೈ. ಔಷಧಿಯ ಬದಲು ಸೂಕ್ಷ್ಮಾಣುಗಳಿಗೆ ಪ್ರಿಯವಾದ ಸೋಯಾ ಸಾರನ್ನು ತೆಗೆದುಕೊಂಡು, ಅದೇ ಕ್ಯಾಬಿನೆಟ್ಟಿನಲ್ಲಿ, ದಿನದ ಕೆಲಸದ ಆಯಾಸದಲ್ಲೇ, ಅದೇ ಸಿರಿಂಜು, ಅದೇ ಚೀಲಗಳಲ್ಲಿ ತುಂಬುತ್ತೇವೆ. 14 ದಿನ ಬೆಚ್ಚಗೆ ಇಡುತ್ತೇವೆ. ಸಾರು ತಿಳಿಯಾಗಿಯೇ ಇದ್ದರೆ ಕೈ ಶುದ್ಧ. ಒಂದೇ ಚೀಲ ಮಬ್ಬಾದರೂ ಆ ಕೈ ಮತ್ತೆ ತರಬೇತಿಗೆ. ನನ್ನದೂ ಒಮ್ಮೆ ಮಬ್ಬಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಹೀಗೆ ಮತ್ತೆ ಮತ್ತೆ ಗೆದ್ದ ಕೋಣೆಗೆ ಮಾತ್ರ 24 ಗಂಟೆ ದಾಟುವ ಹಕ್ಕು, ಅದೂ ಔಷಧಿಯ ಗುಣ ಉಳಿಯುವಷ್ಟು ದಿನ. ಬೇರೆಡೆಯ ಪರೀಕ್ಷೆ ನೋಡಿ ನಮ್ಮ ಚೀಲಕ್ಕೆ ಏಳು ದಿನ ಬರೆಯುವುದು ತಪ್ಪು.

ಆ ಮಗನಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ತಾಯಿಯ ಔಷಧಿ ಒಂದು ದಿನ ತಡೆಯುವಂಥದ್ದು, ಹಿಂದಿನ ಸಂಜೆ ಬೆರೆಸಿಡಬಹುದು. ಆದರೆ ರಕ್ತಕಣ ಕಡಿಮೆಯಿದ್ದು ಡಾಕ್ಟರು ಮುಂದೂಡಿದರೆ, ಅವರ ಅಳತೆಗೆ ಬೆರೆಸಿದ ಚೀಲ ಇನ್ನೊಬ್ಬರಿಗೆ ಆಗುವುದಿಲ್ಲ, ಚೆಲ್ಲಬೇಕು. ಎರಡು ದಿನ ಮೊದಲೇ ಸಕಲೇಶಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸಿ. ಡಾಕ್ಟರು ಒಪ್ಪಿದರೆ ಚೀಲ ಫ್ರಿಜ್ಜಿನಲ್ಲಿ ಕಾಯುತ್ತಿರುತ್ತದೆ, ಅಮ್ಮ ಮಧ್ಯಾಹ್ನದ ಬಸ್ಸಿಗೇ ಮನೆಗೆ ಹೊರಡಬಹುದು.

ನಮಸ್ಕಾರ.