ಉತ್ತರವನ್ನೇ ಕೊಡುವ ಸರ್ಚ್ ಎಂಜಿನ್ ಮತ್ತು ಕನ್ನಡ ಜಾಲತಾಣಗಳ ಕೆಲಸ

ಮಾನ್ಯ ಅಧ್ಯಕ್ಷರೇ, ಜಾಲತಾಣಗಳನ್ನು ನಡೆಸುತ್ತಿರುವ ಗೆಳೆಯರೇ,

ಪುಟ ಗೂಗಲ್‌ನಲ್ಲಿ ಕಾಣಿಸುತ್ತದೆ, ಆದರೆ ಅದನ್ನು ಒತ್ತಿ ಒಳಗೆ ಬರುವವರು ಕಡಿಮೆಯಾಗಿದ್ದಾರೆ ಎಂಬ ದೂರು ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿದೆ. ಎಸ್‌ಇಒ (ಹುಡುಕಾಟದ ಫಲಿತಾಂಶದಲ್ಲಿ ಪುಟ ಮೇಲೆ ಬರುವಂತೆ ಸಜ್ಜುಗೊಳಿಸುವ ಕೆಲಸ) ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. ಎಐ ಬಂದ ಮೇಲೆ ಎಸ್‌ಇಒ ಕಥೆ ಮುಗಿಯಿತು ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಎಸ್‌ಇಒ ಹೆಸರಿನಲ್ಲಿ ನಡೆಯುವ ಕೆಲಸಗಳಲ್ಲಿ ಬಹುಪಾಲು ಎಂದೋ ನಿರುಪಯೋಗಿಯಾಗಿವೆ, ಆದರೆ ಬರೆದದ್ದನ್ನು ಯಂತ್ರ ಓದುವಂತೆ ಇಡುವ ಮೂಲ ಕೆಲಸವನ್ನು ಕನ್ನಡದ ಎಷ್ಟೋ ತಾಣಗಳು ಇನ್ನೂ ಮುಗಿಸಿಲ್ಲ ಎಂಬುದು ನನ್ನ ವಾದ.

ಹಿಂದಿನದನ್ನು ಚುಟುಕಾಗಿ ಹೇಳುತ್ತೇನೆ. 1998ರಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮುಂದಿಟ್ಟ ಪೇಜ್‌ರ‍್ಯಾಂಕ್ ವಿಧಾನವು, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು ಅದರ ಯೋಗ್ಯತೆಯ ಗುರುತೆಂದು ಎಣಿಸಿತು. ಕೊಂಡಿಗೆ ಬೆಲೆ ಬಂದ ಮೇಲೆ ಕೊಂಡಿ ಮಾರುವ ದಂಧೆಯೂ ಬೆಳೆಯಿತು, ಗೂಗಲ್ ತನ್ನ ಹುಡುಕಾಟದಲ್ಲಿ ಮಾಡಿದ 2012ರ ಪೆಂಗ್ವಿನ್ ಪರಿಷ್ಕರಣೆ ಅದಕ್ಕೆ ಕಡಿವಾಣ ಹಾಕಿತು. ಕ್ಲಿಕ್ಕಿಗಾಗಿಯೇ ರಾಶಿ ರಾಶಿ ತೆಳು ಬರಹ ತಯಾರಿಸುತ್ತಿದ್ದ ತಾಣಗಳನ್ನು 2011ರ ಪಾಂಡಾ ಪರಿಷ್ಕರಣೆ ಕೆಳಕ್ಕೆ ತಳ್ಳಿತ್ತು. ಓದುಗರ ಕಣ್ಣಿಗೆ ಬೀಳದ ಮೆಟಾ ಟ್ಯಾಗಿನಲ್ಲಿ ಕೀವರ್ಡ್‌ಗಳನ್ನು ತುರುಕುವುದನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಆದರೂ ಆ ಕೆಲಸಕ್ಕೆ ಇವತ್ತಿಗೂ ಬಿಲ್ ಹಾಕುವವರಿದ್ದಾರೆ. 2013ರ ಹಮ್ಮಿಂಗ್‌ಬರ್ಡ್ ಮತ್ತು 2019ರ ಬರ್ಟ್ ಎಂಬ ಪರಿಷ್ಕರಣೆಗಳು ಬಂದ ಮೇಲಂತೂ, ಹುಡುಕಾಟವು ಪದಕ್ಕೆ ಪದ ಹೊಂದಿಸುವುದನ್ನು ಬಿಟ್ಟು ಕೇಳಿದವರ ಉದ್ದೇಶವನ್ನು ಅರಿಯುವ ಕಡೆಗೆ ಹೊರಳಿತು.

ಈ ಬದಲಾವಣೆಗಳೆಲ್ಲ ಯಾವ ಪುಟ ಮೊದಲು ಬರಬೇಕು ಎಂಬುದಕ್ಕೆ ಸಂಬಂಧಿಸಿದ್ದವು. ಈಗಿನ ಬದಲಾವಣೆಯ ಜಾತಿಯೇ ಬೇರೆ. ವ್ಯಕ್ತಿ, ಸ್ಥಳ, ವಸ್ತುಗಳ ಮಾಹಿತಿಯನ್ನು ಕೂಡಿಟ್ಟ 2012ರ ನಾಲೆಡ್ಜ್ ಗ್ರಾಫ್‌ನೊಂದಿಗೆ, ಸರಳ ಪ್ರಶ್ನೆಗಳಿಗೆ ಗೂಗಲ್ ತನ್ನ ಪುಟದಲ್ಲೇ ಉತ್ತರ ತೋರಿಸಲು ಶುರುಮಾಡಿತು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಎಲ್ಲರಿಗೂ ತೆರೆದ ಎಐ ಓವರ್‌ವ್ಯೂಸ್, ಹಲವು ತಾಣಗಳ ಮಾಹಿತಿಯನ್ನು ಸೇರಿಸಿ ತನ್ನದೇ ಮಾತಿನಲ್ಲಿ ಉತ್ತರ ಬರೆದು, ಕೊಂಡಿಗಳನ್ನು ಪಕ್ಕದಲ್ಲಿಡುತ್ತದೆ. ಅದೇ ಆಗಸ್ಟಿನಲ್ಲಿ ಅದು ಭಾರತಕ್ಕೆ ಬಂದಾಗ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು, ಕನ್ನಡದಲ್ಲಿರಲಿಲ್ಲ. ಇದರಿಂದ ನಮಗೆ ಬಿಸಿ ತಟ್ಟಲಿಲ್ಲ ಎಂದುಕೊಳ್ಳುವಂತಿಲ್ಲ, ಏಕೆಂದರೆ ಕನ್ನಡ ಓದುವ ಎಷ್ಟೋ ಜನ ಮೊಬೈಲಿನಲ್ಲಿ ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ.

ಹಾಗಾದರೆ ಯಂತ್ರವೇ ಉತ್ತರ ಹೇಳಿಬಿಡುವ ಕಾಲದಲ್ಲಿ ಒಂದು ಪುಟ ಯಾಕಿರಬೇಕು? ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ ಬೇಕು ಎಂಬುದನ್ನು ಯಾವ ಎಐ ಆದರೂ ಒಂದು ಸಾಲಿನಲ್ಲಿ ಹೇಳುತ್ತದೆ. ಅಷ್ಟನ್ನೇ ಎಂಟು ನೂರು ಪದಗಳಿಗೆ ಎಳೆದು ಬರೆದ ಪುಟಕ್ಕೆ ಇನ್ನು ಓದುಗರು ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಆದರೆ ಸುಣ್ಣದ ಗುಣಮಟ್ಟ ಕಡಿಮೆಯಿದ್ದರೆ ಅದೇ ಅಳತೆಯ ದ್ರಾವಣದಲ್ಲಿ ಹುಳಿ ಉಳಿದು ಹಿಂಗಾರವನ್ನೂ ಎಳೆಯ ಕಾಯಿಯನ್ನೂ ಸುಡಬಹುದು; ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಆ ಚಾಕುವಿನ ಎರಡು ಫೋಟೊ, ಒಂದು ವರ್ಷ ಮಳೆ ಬಿಡುವು ಕೊಡದಿದ್ದಾಗ ಬೆಳೆಗಾರರು ಎರಡನೇ ಸಿಂಪಡಣೆಗೆ ಏನು ಮಾಡಿದರು, ಮರ ಹತ್ತಿ ಸಿಂಪಡಿಸುವ ಕೊನೆಗಾರರು ಸಿಗದೆ ತಡವಾದ ತೋಟದಲ್ಲಿ ಏನಾಯಿತು ಎಂಬ ವಿವರಗಳಿರುವ ಪುಟವನ್ನು ಯಂತ್ರ ಸಾರಾಂಶ ಮಾಡಿದರೂ, ತೋಟದವರು ಮೂಲವನ್ನು ತೆರೆದೇ ನೋಡುತ್ತಾರೆ. ಗೂಗಲ್ 2022ರ ಡಿಸೆಂಬರಿನಲ್ಲಿ ತನ್ನ ಗುಣಮಟ್ಟದ ಮಾರ್ಗಸೂಚಿಯಲ್ಲಿ ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆಗಳ ಜೊತೆಗೆ ಅನುಭವವನ್ನೂ ಸೇರಿಸಿದ್ದಕ್ಕೆ ನಾನು ಮಾಡಿಕೊಂಡಿರುವ ಅರ್ಥ ಇದು.

ಇಂಗ್ಲಿಷ್ ಲೇಖನಗಳನ್ನು ಯಂತ್ರಾನುವಾದ ಮಾಡಿ ದಿನಕ್ಕೆ ಹತ್ತಾರು ಪುಟ ಏರಿಸುವವರಿಗೆ ಇದು ಹಿಡಿಸದ ಮಾತು. 2024ರ ಮಾರ್ಚ್‌ನಲ್ಲಿ ಗೂಗಲ್ ಪ್ರಕಟಿಸಿದ ಸ್ಪ್ಯಾಮ್ ನೀತಿಯ ಪ್ರಕಾರ, ರ‍್ಯಾಂಕಿಂಗ್‌ಗಾಗಿಯೇ ಬಳಕೆದಾರರಿಗೆ ಉಪಯೋಗವಿಲ್ಲದ ಬರಹವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು, ಅದನ್ನು ಯಂತ್ರ ಬರೆದಿರಲಿ ಮನುಷ್ಯರು ಬರೆದಿರಲಿ, ತಪ್ಪೇ. ಕನ್ನಡದಲ್ಲಿ ಪೈಪೋಟಿ ಕಡಿಮೆ, ಆದ್ದರಿಂದ ಹೇಗೋ ನಡೆಯುತ್ತದೆ ಎಂಬ ಲೆಕ್ಕಾಚಾರ ಹೆಚ್ಚು ದಿನ ನಿಲ್ಲಲಾರದು.

ಈಗ ನಾನು ಬಾಕಿ ಎಂದ ಕೆಲಸಕ್ಕೆ ಬರುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಾಮಾನ್ಯ ಸಂಕೇತವಾದ ಯೂನಿಕೋಡ್ ರೂಢಿಗೆ ಬರುವ ಮೊದಲಿನ ಫಾಂಟ್‌ಗಳಲ್ಲಿ ಏರಿಸಿದ ಕನ್ನಡವು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ, ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು; ಹಳೆಯ ಸಂಚಿಕೆಗಳನ್ನು ಹಾಗೆಯೇ ಬಿಟ್ಟಿರುವ ತಾಣಗಳ ಆ ಭಾಗ ಹುಡುಕಾಟದ ಮಟ್ಟಿಗೆ ಇಲ್ಲವೆಂದೇ ಲೆಕ್ಕ. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುವುದು, ಸುದ್ದಿಯನ್ನು ಪೋಸ್ಟರಿನ ಚಿತ್ರದೊಳಗೆ ಬರೆಯುವುದು ಇಂದಿಗೂ ನಡೆದೇ ಇದೆ. ಚಿತ್ರದಿಂದ ಅಕ್ಷರ ತೆಗೆಯುವ ತಂತ್ರ ಈಗ ಇದೆ, ಆದರೆ ಒತ್ತಕ್ಷರ ಬಂದಲ್ಲಿ ಅದು ಎಡವುತ್ತದೆ. ಅದೇ ವಿಷಯವನ್ನು ನಾಲ್ಕು ಪ್ಯಾರಾ ಪಠ್ಯವಾಗಿ ಚಿತ್ರದ ಕೆಳಗೆ ಹಾಕುವುದಕ್ಕಿಂತ ದೊಡ್ಡ ಎಸ್‌ಇಒ ನಮ್ಮಲ್ಲಿ ಸದ್ಯಕ್ಕೆ ಇಲ್ಲ.

ವೇಗದ ವಿಷಯದಲ್ಲೂ ಕನ್ನಡಕ್ಕೆ ತನ್ನದೇ ಆದ ತೊಡಕಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಗುಣಿತಾಕ್ಷರ ಮತ್ತು ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟಿನ ಫೈಲು ಭಾರವಾಗುತ್ತದೆ. ಅದು ತಡವಾಗಿ ಬಂದು ಕೂತಾಗ ಸಾಲುಗಳ ಎತ್ತರ ಬದಲಾಗಿ, ಓದುತ್ತಿದ್ದ ಸಾಲೇ ಜಾರಿಹೋಗುತ್ತದೆ. ನಾಲ್ಕು ಬಗೆಯ ಫಾಂಟುಗಳ ಬದಲು ಒಂದನ್ನೇ ಬಳಸಿದರೆ ಅರ್ಧ ಸಮಸ್ಯೆ ಮುಗಿಯಿತು. ಪುಟದ ವಿಳಾಸವನ್ನು ಕನ್ನಡದಲ್ಲಿಟ್ಟರೆ ಗೂಗಲ್‌ನ ತಕರಾರಿಲ್ಲ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹಂಚುವಾಗ ಒಂದೊಂದು ಕನ್ನಡ ಅಕ್ಷರವೂ ಶೇಕಡಾ ಚಿಹ್ನೆಗಳ ಸಮೇತ ಕನಿಷ್ಠ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಂಡು ನಾಲ್ಕೈದು ಸಾಲು ಹಬ್ಬುವುದುಂಟು. ಚಿಕ್ಕ ರೋಮನ್ ವಿಳಾಸವೇ ವಾಸಿ ಎಂದು ನನಗೆ ತೋರುತ್ತದೆ, ಕನ್ನಡಾಭಿಮಾನಿಗಳು ಕ್ಷಮಿಸಬೇಕು.

ಕೊನೆಯದಾಗಿ, ಎಐ ಉತ್ತರಗಳಿಗೆ ನಮ್ಮ ಬರಹ ಸಿಗದಂತೆ ತಡೆಯಬಹುದೇ ಎಂಬ ಪ್ರಶ್ನೆ. ಗೂಗಲ್ 2023ರಲ್ಲಿ ತಂದ ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಸೂಚನೆಯನ್ನು, ಯಾವ ಯಂತ್ರ ಏನನ್ನು ಓದಬಹುದು ಎಂದು ತಾಣ ತಿಳಿಸುವ ರೋಬೋಟ್ಸ್ ಫೈಲಿನಲ್ಲಿ ಹಾಕಿದರೆ ಗೂಗಲ್ ಕಂಪನಿಯ ಎಐ ಆದ ಜೆಮಿನಿಯ ತರಬೇತಿಗೆ ತಡೆ ಬೀಳುತ್ತದೆ, ಹುಡುಕಾಟದ ಎಐ ಓವರ್‌ವ್ಯೂಸ್‌ಗೆ ಬೀಳುವುದಿಲ್ಲ. ಅದನ್ನೂ ತಡೆಯಬೇಕೆಂದರೆ ನೋಸ್ನಿಪೆಟ್ ಸೂಚನೆ ಬಳಸಬೇಕು, ಆಗ ಮಾಮೂಲಿ ಫಲಿತಾಂಶದಲ್ಲಿ ನಿಮ್ಮ ಶೀರ್ಷಿಕೆಯ ಕೆಳಗೆ ಬರುತ್ತಿದ್ದ ಎರಡು ಸಾಲಿನ ಪರಿಚಯವೂ ಹೋಗುತ್ತದೆ. ಚಂದಾದಾರರಿಂದ ನಡೆಯುವ ಪತ್ರಿಕೆಗೆ ಈ ನಷ್ಟ ತಡೆದುಕೊಳ್ಳುವಂಥದ್ದಿರಬಹುದು. ಇನ್ನೂ ಹೆಸರು ಮಾಡಬೇಕಾದ ಸಣ್ಣ ತಾಣ ಇಡೀ ಪುಟಕ್ಕೆ ಬೀಗ ಹಾಕಬಾರದು. ತನ್ನದೇ ದುಡಿಮೆಯ ಕೋಷ್ಟಕವೋ ದರಪಟ್ಟಿಯೋ ಇದ್ದರೆ ಆ ಭಾಗಕ್ಕೆ ಮಾತ್ರ ಡೇಟಾ-ನೋಸ್ನಿಪೆಟ್ ಗುರುತು ಹಾಕಿ, ಉಳಿದದ್ದನ್ನು ತೆರೆದೇ ಇಡಲಿ.