ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ಯಾಕೆ?

ಎಲ್ಲರಿಗೂ ನಮಸ್ಕಾರ. ಸ್ತನ ಕ್ಯಾನ್ಸರ್ ಆಪರೇಷನ್ ಎಲ್ಲಾ ಮುಗಿದು, ಡಾಕ್ಟ್ರು ಹಾರ್ಮೋನ್ ತಡೆಯೋ ಮಾತ್ರೆ ದಿನಕ್ಕೊಂದು, 5 ವರ್ಷ ತಗೋಬೇಕು ಅಂದಾಗ ಅಯ್ಯೋ ಅಷ್ಟು ವರ್ಷಾನಾ ಅಂದ್ಕೊಂಡಿರ್ತೀರಲ್ಲ, ನಿಮಗೋಸ್ಕರಾನೇ ಈ ಮಾತು. ಹೇಳೋದು ಒಂದೇ, ಆ ಮಾತ್ರೆನ ನೀವಾಗೇ ನಿಲ್ಲಿಸ್ಬೇಡಿ.

ಮುಟ್ಟೇ ನಿಂತೋಗಿದೆ, ಇನ್ನೆಲ್ಲಿ ಹಾರ್ಮೋನು ಅಂತ ಕೇಳ್ತಾರೆ. ಅಂಡಾಶಯ ಸುಮ್ಮನಾಗಿರುತ್ತೆ ನಿಜ, ಆದ್ರೆ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಯಿಂದ ಬರೋ ಹಾರ್ಮೋನನ್ನ ಮೈಯಲ್ಲಿರೋ ಕೊಬ್ಬು ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಆಗಿ ಮಾರ್ಪಡಿಸ್ತಾನೇ ಇರುತ್ತೆ. ಈ ಕೆಲಸ ಮಾಡೋ ಕಿಣ್ವದ ಹೆಸರು ಅರೋಮಟೇಸ್. ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್, ಅಂದ್ರೆ ಹಾರ್ಮೋನನ್ನ ನೆಚ್ಚಿ ಬೆಳೆಯೋ ಕ್ಯಾನ್ಸರ್, ಅದು ಬೆಳೆಯೋಕೆ ಅಷ್ಟೇ ಸಾಕು. ಇದನ್ನ ತಡೆಯೋ ಮಾತ್ರೆಗಳಲ್ಲಿ ಟ್ಯಾಮಾಕ್ಸಿಫೆನ್ ಅನ್ನೋದು ಕ್ಯಾನ್ಸರ್ ಕಣದಲ್ಲಿ ಈಸ್ಟ್ರೋಜನ್ ಕೂರೋ ಜಾಗಾನ ತಾನು ಹಿಡಿಯುತ್ತೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಇವು ಈಸ್ಟ್ರೋಜನ್ ತಯಾರಾಗೋದನ್ನೇ ತಡೀತವೆ.

ಇದೆಲ್ಲ ಯಾರೋ ಕೂತು ಊಹಿಸಿದ್ದಲ್ಲ. ಎಂಎ.17 ಅಂತ ಒಂದು ಕ್ಲಿನಿಕಲ್ ಟ್ರಯಲ್, ಅಂದ್ರೆ ರೋಗಿಗಳಿಗೆ ಔಷಧಿ ಕೊಟ್ಟು ಪರೀಕ್ಷೆ ಮಾಡೋ ಅಧ್ಯಯನ, ಕೆನಡಾದವರು ಮುಂದೆ ನಿಂತು ನಡೆಸಿದ್ದು, ಅದನ್ನ ನಾನು ಎಷ್ಟು ಸಲ ಹೇಳಿದ್ರೂ ನನಗೆ ಬೇಜಾರಾಗಲ್ಲ. ಮುಟ್ಟು ನಿಂತು, 5 ವರ್ಷ ಟ್ಯಾಮಾಕ್ಸಿಫೆನ್ ತಗೊಂಡು ಮುಗಿಸಿದ್ದ 5000ಕ್ಕೂ ಹೆಚ್ಚು ಹೆಣ್ಣುಮಕ್ಕಳು ಅದರಲ್ಲಿ ಸೇರಿದ್ರು. ಅರ್ಧ ಜನಕ್ಕೆ ಲೆಟ್ರೋಜೋಲ್, ಉಳಿದ ಅರ್ಧಕ್ಕೆ ನೋಡೋಕೆ ಅದೇ ಥರ ಇರೋ ಆದ್ರೆ ಔಷಧಿನೇ ಇಲ್ಲದ ಮಾತ್ರೆ, ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಡೋ ಡಾಕ್ಟ್ರಿಗೂ ಗೊತ್ತಿಲ್ಲ. ಹೊರಗಿನವರ ಒಂದು ಸಮಿತಿ ಮಾತ್ರ ಮಧ್ಯೆ ಲೆಕ್ಕ ತೆಗೆದು ನೋಡ್ಬೇಕು. 2003ರಲ್ಲಿ ನೋಡ್ತಾರೆ, ಇನ್ನೂ ಎರಡೂವರೆ ವರ್ಷ ತುಂಬೋದ್ರೊಳಗೆ ಲೆಟ್ರೋಜೋಲ್ ತಗೊಂಡವರಲ್ಲಿ ಕ್ಯಾನ್ಸರ್ ಮರುಕಳಿಸೋದು ಶೇ. 40ಕ್ಕೂ ಮೀರಿ ತಗ್ಗಿತ್ತು! ಇಷ್ಟು ಗೊತ್ತಾದ ಮೇಲೂ ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ ಕೊಡ್ತಾ ಕೂರೋದು ನ್ಯಾಯ ಅಲ್ಲ ಅಂತ ಟ್ರಯಲ್ಲನ್ನೇ ಅಲ್ಲಿಗೆ ತೆರೆದು, ಪ್ರತಿಯೊಬ್ಬರಿಗೂ ನೀವು ತಗೋತಿದ್ದಿದ್ದು ಇದು ಅಂತ ತಿಳಿಸಿ, ಔಷಧಿ ಸಿಗದೇ ಇದ್ದವರಿಗೆ ಬೇಕಿದ್ರೆ ಈಗ ತಗೊಳ್ಳಿ ಅಂದ್ರು. ಹಾಗೆ ತಡವಾಗಿ ಶುರು ಮಾಡಿದವರು ಕೂಡ, ಬೇಡ ಅಂದವರಿಗಿಂತ ಚೆನ್ನಾಗಿದ್ರು. ನೋಡಿ, ತಡವಾದ್ರೂ ಫಲ ಕೊಡೋ ಮಾತ್ರೆನ ಶುರು ಮಾಡಿ ಅರ್ಧಕ್ಕೆ ಬಿಡೋದಾ?

ಟೈಮ್ ಆಗ್ತಾ ಬಂತು, ಬೇಗ ಹೇಳ್ತೀನಿ. ಅಟ್ಯಾಕ್ ಅನ್ನೋ ಟ್ರಯಲ್‌ನಲ್ಲಿ 9000ಕ್ಕೂ ಹೆಚ್ಚು ಜನ, ಬಿಗ್ 1-98ರಲ್ಲಿ 8000 ಜನ, ಎರಡರಲ್ಲೂ ಈಸ್ಟ್ರೋಜನ್ ತಯಾರಾಗೋದನ್ನ ತಡೆಯೋ ಈ ಮಾತ್ರೆಗಳು ಟ್ಯಾಮಾಕ್ಸಿಫೆನ್‌ಗಿಂತ ಮುಂದೆ ಬಂದ್ವು. ಇವುಗಳಿಂದ ಕೀಲುನೋವು ಬರಬಹುದು, ಮೂಳೆ ಸವೆಯಬಹುದು, ಟ್ರಯಲ್‌ನವರಿಗೂ ಬಂದಿತ್ತು. ಅದಕ್ಕೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಇದೆ, ಕ್ಯಾಲ್ಸಿಯಂ, ವಿಟಮಿನ್ ಡಿ ಇದೆ, ನೋವು ತಡೆಯೋಕಾಗ್ಲಿಲ್ಲ ಅಂದ್ರೆ ಡಾಕ್ಟ್ರು ಬೇರೆ ಮಾತ್ರೆಗೆ ಬದಲಾಯಿಸ್ತಾರೆ. ಹೋಗಿ ಹೇಳಿ ಅಷ್ಟೇ, ನೀವಾಗೇ ನಿಲ್ಲಿಸ್ಬೇಡಿ, ದಯವಿಟ್ಟು. ಟ್ಯಾಮಾಕ್ಸಿಫೆನ್ ತಗೊಳ್ಳೋರು ಇದೊಂದು ನೆನಪಿಟ್ಕೊಳ್ಳಿ, ಮುಟ್ಟು ನಿಂತ ಮೇಲೆ ಸ್ವಲ್ಪ ರಕ್ತ ಕಂಡ್ರೂ, ಒಂದು ಕಾಲು ಮಾತ್ರ ಊದಿಕೊಂಡ್ರೂ, ಅವತ್ತೇ ಡಾಕ್ಟ್ರ ಹತ್ರ ಹೋಗಿ. ನಮಸ್ಕಾರ.